ಗುಜ್ಜೆ ಟೀಚರ ಕೈ

ಬಂಟ್ವಾಳದ ಆಚೆಯ ಮಾಣಿಯಿಂದ ಬಂದ ಟೀಚರ ತಮ್ಮನ ಮಗ ನಮ್ಮ ಜಗಲಿಯಲ್ಲಿ ಕುಳಿತು, ಅತ್ತೆ ತೀರಿಹೋದರು, ಉತ್ತರಕ್ರಿಯೆಯ ಬೊಜ್ಜ ಮುಂದಿನ ಸೋಮವಾರ ಎಂದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಕೈ ಹೇಗಿತ್ತು?" ಅಯ್ಯೋ ಪಾಪ ಎನ್ನಬೇಕೆಂದು ಆಮೇಲೆ ನೆನಪಾಯಿತು.

ಅವನು ನನ್ನ ಮುಖ ನೋಡಿದ. "ಕೈಗೆ ಎಂತ ಆಗಿತ್ತು?" ಎಂದ.

ಅವನಿಗೆ ಮೂವತ್ತು ದಾಟಿರಬಹುದು. ಅತ್ತೆಯ ಜೊತೆ ಒಂದೇ ಮನೆಯಲ್ಲಿ ಎರಡು ವರ್ಷ ಇದ್ದವನು. ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ನಾನೂ ಪಾಠ ಮಾಡುವ ನಮ್ಮ ಶಾಲೆಯಲ್ಲಿ ಹನ್ನೆರಡು ವರ್ಷ ನಾವು ಅವರನ್ನು ಅದರಿಂದಲೇ ಗುರುತಿಸಿದ್ದೆವು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ನಾವು ಯಾರೂ ಅದನ್ನು ಬಳಸಲಿಲ್ಲ. ಸತ್ತ ಮೇಲೆ ಬಳಸಿ ಮರ್ಯಾದೆ ತೋರಿಸಿದರೆ ಅದು ನಾಟಕವಾದೀತು. ಎದುರಿಗೆ 'ಟೀಚರೇ' ಎನ್ನುತ್ತಿದ್ದೆವು, ಹಿಂದಿನಿಂದ 'ಗುಜ್ಜೆ ಟೀಚರ್'. ಗುಜ್ಜೆ ಎಂದರೆ ಎಳೆ ಹಲಸಿನಕಾಯಿ. ಅದರ ಸಿಪ್ಪೆಯನ್ನು ಮುಟ್ಟಿ ನೋಡಿದವರಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಇಟ್ಟ ಹೆಸರು ಎಂದು ಎಲ್ಲರೂ ಹೇಳುತ್ತಿದ್ದರು. ಮಕ್ಕಳಿಗೆ ಅದನ್ನು ಹೇಳಿಕೊಟ್ಟವಳು ನಾನು.

ಐವತ್ತರ ದಶಕದ ನಡುವೆ ಅವರು ಮೂಡುಬಿದಿರೆ ಹತ್ತಿರದ ನಮ್ಮ ಶಾಲೆಗೆ ಬಂದರು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು, ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ, ಬಂಟ್ವಾಳದ ಕಡೆ ಎರಡು ಮೂರು ಶಾಲೆ ತಿರುಗಿ ಬಂದವರು. ಆಗ ನಲವತ್ತರ ಮೇಲೆ. ಎತ್ತರದ ಆಳು, ತೆಳ್ಳಗೆ, ನಡೆಯುವಾಗ ತಲೆ ತಗ್ಗಿಸದವರು. ಸುಡುಬೇಸಗೆಯಲ್ಲೂ ಕೈಯಲ್ಲಿ ಮಡಚಿದ ಕೊಡೆ. ಮೊದಲ ದಿನ ಹೆಡ್‌ಮಾಸ್ಟರು ಎದ್ದು ನಮಸ್ಕಾರ ಮಾಡಿದರೆ ಇವರು ಕೈ ಮುಗಿಯಲಿಲ್ಲ, ತಲೆ ಆಡಿಸಿದರು ಅಷ್ಟೆ. ಡ್ರಿಲ್ ಮಾಸ್ಟರು ನನ್ನ ಕಡೆ ತಿರುಗಿ, "ಭಾರೀ ಪೊಗರು ಉಂಟು ಮಾರಾಯ್ತಿ ಈ ಹೆಂಗಸಿಗೆ" ಎಂದರು. ಪೊಗರಲ್ಲ ಎಂದು ನಮಗೆ ತಿಳಿಯಲು ಒಂದು ವಾರ ಬೇಕಾಯಿತು. ಕೊಡೆ ಹಿಡಿದ ಕೈ ಬಿಡುವಾಗಿ ಕಾಣುವುದಿಲ್ಲ, ಕೊಡೆಯ ಮಡಿಕೆಯ ಹಿಂದೆ ಬೆರಳುಗಳೂ ಕಾಣುವುದಿಲ್ಲ.

ಎರಡೂ ಕೈಗಳ ತುಂಬ ನರಹುಲಿ. ಬೆರಳಿನ ಗಂಟುಗಳ ಮೇಲೆ, ಉಗುರಿನ ಸುತ್ತ, ಬೆರಳ ಸಂದಿಯಲ್ಲಿ. ಒಳ್ಳೆಮೆಣಸಿನ ಕಾಳಿನಷ್ಟು ಕೆಲವು, ಇನ್ನು ಕೆಲವು ಒಂದಕ್ಕೊಂದು ಅಂಟಿಕೊಂಡು ಹೂಕೋಸಿನ ತುಂಡಿನ ಹಾಗೆ. ಬಲಗೈಯ ತೋರುಬೆರಳು ಮಾತ್ರ ಹೇಗೋ ಪಾರಾಗಿತ್ತು.

ಅವರು ಯಾರಿಗೂ ಏನನ್ನೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಹಾಜರಿ ಪುಸ್ತಕ, ಚಾಕ್, ಬೀಗದ ಕೈ, ಏನೇ ಆದರೂ ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುವುದು. ನಾವು ತೆಗೆದುಕೊಳ್ಳುವುದು. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟನ್ನು ಅವರ ಮಡಿಲಿಗೆ ಹಾಕಿ ಹೋಗುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಗೋಡೆಯ ಕಡೆ ಮುಖ ಮಾಡಿ ಊಟ. ಶಾರದಾ ಪೂಜೆಯ ದಿನ ಅವಲಕ್ಕಿ ಹಂಚಲು ಅವರು ಬಟ್ಟಲು ಎತ್ತಿದಾಗ ಹೆಡ್‌ಮಾಸ್ಟರು, "ನೀವು ಕೂತುಕೊಳ್ಳಿ ಟೀಚರೇ, ನಿಮಗೆ ಆಯಾಸ ಬೇಡ" ಎಂದರು. ಅವರು ಕೂತರು. ಆ ವರ್ಷದ ನಂತರ ಅವರು ಬಟ್ಟಲು ಎತ್ತಲಿಲ್ಲ.

ನೋವೂ ಇತ್ತು. ಪುಸ್ತಕದ ಅಂಚು ತಾಗಿದರೆ, ಸೆರಗಿನ ನೂಲು ಸಿಕ್ಕಿಕೊಂಡರೆ, ಒಂದು ನರಹುಲಿ ಕಿತ್ತುಬಂದು ಬಳಬಳ ರಕ್ತ. ಅವರ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಅಲ್ಲಲ್ಲಿ ಕಂದು ಬೊಟ್ಟು. ಡ್ರಿಲ್ ಮಾಸ್ಟರು ಅದನ್ನು ತೋರಿಸಿ, "ಇವರು ಹಾಜರಿ ಹಾಕುವುದಲ್ಲ, ರಕ್ತದಾನ ಮಾಡುವುದು" ಎಂದಾಗ ನಾವೆಲ್ಲ ನಕ್ಕೆವು. ಅವರು ಕಿಟಕಿಯ ಹತ್ತಿರ ನಿಂತಿದ್ದರು, ಕೇಳಿಸಿರಲೇಬೇಕು.

ಶಾಲೆಯಲ್ಲಿ ನಾವು ಆರು ಜನ. ಎದುರಿನ ಹೋಟೆಲಿನಿಂದ ಚೆಂಬಿನಲ್ಲಿ ಚಾ ಬರುತ್ತಿತ್ತು. ಆರು ಅಲ್ಯುಮಿನಿಯಂ ಲೋಟ. ಯಾವುದು ಅವರದು ಎಂದು ಗೊತ್ತಾಗದೆ ನಮಗೆ ಮಂಡೆಬೆಚ್ಚವಾದಾಗ ಡ್ರಿಲ್ ಮಾಸ್ಟರು ಮನೆಯಿಂದ ಅರ ತಂದು ಒಂದು ಲೋಟದ ಅಂಚಿನಲ್ಲಿ ಗೀರು ಹಾಕಿದರು. ಅದು ಅವರದು. ಐದು ಲೋಟ ಕಪಾಟಿನೊಳಗೆ, ಅದೊಂದು ಹೊರಗೆ ಕಿಟಕಿಯ ಕಂಬಿಗೆ ದಾರ ಕಟ್ಟಿ ನೇತಾಡುತ್ತಿತ್ತು. ಅವರು ಅದನ್ನು ನೋಡಿದ ದಿನ ಬಿಚ್ಚಿ, ತೊಳೆದು, ಚಾ ಹೊಯ್ದುಕೊಂಡು, ಲೋಟವನ್ನು ಒಂದು ಸುತ್ತು ತಿರುಗಿಸಿ ಕುಡಿದರು. ಆ ತಿರುಗಿಸುವುದು ಆಮೇಲೆ ಅವರ ಅಭ್ಯಾಸವಾಯಿತು. ಅದು ಯಾಕೆಂದು ನಾನು ಆಗ ಯೋಚಿಸಲಿಲ್ಲ.

ಮದ್ದು ಹೇಳದವರಿಲ್ಲ. ಕುದುರೆಯ ಬಾಲದ ಕೂದಲು ಕಟ್ಟಿ ಎಂದರು ಒಬ್ಬರು. ಮೂಡುಬಿದಿರೆಯಲ್ಲಿ ಕುದುರೆ ಎಲ್ಲಿಂದ ತರಬೇಕು? ಸುಣ್ಣಕ್ಕೆ ಸಾಬೂನು ಕಲಸಿ ಹಚ್ಚಿ ಎಂದರು ಇನ್ನೊಬ್ಬರು, ಅದನ್ನು ಹಚ್ಚಿದ್ದಕ್ಕೆ ಬೆರಳು ಬೆಂದು ಒಂದು ವಾರ ಚಾಕ್ ಹಿಡಿಯಲಾಗಲಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಹಾಕಿದರು. ನರಹುಲಿ ಕಪ್ಪಾಗಿ ಉದುರಿತು, ತಿಂಗಳೊಳಗೆ ಬಳಗ ಕಟ್ಟಿಕೊಂಡು ವಾಪಸು ಬಂತು. ಪೇಟೆಯ ಡಾಕ್ಟರು ಬೆಂಕಿಕಡ್ಡಿಯ ತುದಿಯಲ್ಲಿ ಏನೋ ಆಸಿಡ್ ಇಟ್ಟು ಸುಟ್ಟರು. ಅದೂ ಅಷ್ಟೆ. "ಎಣಿಸಬೇಡಿ, ಎಣಿಸಿದರೆ ಹೆಚ್ಚಾಗ್ತದೆ" ಎಂದು ನಾನು ದಿನಾ ಎಚ್ಚರಿಸುತ್ತಿದ್ದೆ. ಹೇಳುವಾಗಲೇ ಎಣಿಸುತ್ತಲೂ ಇದ್ದೆ, ಅವರಿಗೆ ಕಾಣುವ ಹಾಗೆ.

ಇಷ್ಟೆಲ್ಲ ಕೇಳಿ ಅವರು ಬಾಯಿಲ್ಲದ ಬಡಪಾಯಿ ಎಂದುಕೊಳ್ಳಬೇಡಿ. ಅವರ ನಾಲಗೆಗೂ ಮುಳ್ಳಿತ್ತು. ಮಗ ದಡ್ಡ ಎಂದು ದೂರು ತಂದ ತಂದೆಗೆ, "ಹೊಲಿದ ಅಂಗಿ ಬಿಗಿಯಾದರೆ ದರ್ಜಿಯನ್ನು ಬೈಯಬಹುದು, ಬಟ್ಟೆ ನಿಮ್ಮದೇ ಅಲ್ವಾ?" ಎಂದಿದ್ದರು. ನನ್ನ ಕ್ಲಾಸಿನ ಗದ್ದಲ ಅವರ ಕ್ಲಾಸಿಗೆ ಕೇಳಿದರೆ ಬಾಗಿಲಿಗೆ ಬಂದು ನಿಂತು, "ಟೀಚರೇ, ನೀವು ಒಳಗೆ ಇದ್ದೀರಾ, ಇಲ್ವಾ ಅಂತ ನೋಡಿ ಹೋಗುವ ಅಂತ ಬಂದೆ" ಎನ್ನುವರು. ನನಗೆ ಅವರ ಮೇಲೆ ಸಿಟ್ಟು ಹತ್ತಿದ್ದು ಕೈಯಿಂದಲ್ಲ, ಇಂಥ ಮಾತಿನಿಂದ. ಕೈ ಸಿಕ್ಕಿದ್ದು ನನ್ನ ಅದೃಷ್ಟ.

ಇನ್ನು ಅವರ ಒಂದನೇ ಕ್ಲಾಸಿನ ಬಗ್ಗೆ ಹೇಳಬೇಕು. ಅದನ್ನು ಹೇಳದಿದ್ದರೆ ನಾವು ಅವರಿಂದ ಏನನ್ನು ಕಿತ್ತುಕೊಂಡೆವು ಎಂದು ತಿಳಿಯುವುದಿಲ್ಲ.

ನೆಲದ ಮೇಲೆ ಹೊಯ್ಗೆ ಅಂದರೆ ಹೊಳೆಯ ಮರಳು ಹರಡಿ, ಮಗುವನ್ನು ಎದುರಿಗೆ ಕೂರಿಸಿಕೊಂಡು, ತಾವು ಅದರ ಬೆನ್ನ ಹಿಂದೆ ಮೊಣಕಾಲೂರಿ, ಮಗುವಿನ ತೋರುಬೆರಳನ್ನು ತಮ್ಮ ಮುಷ್ಟಿಯೊಳಗೆ ಹಿಡಿದು 'ಅ' ಬರೆಸುವರು. ಎಲ್ಲರೂ ಮಾಡುವುದೇ ಅದು. ಆದರೆ ಅವರು ಬೆರಳನ್ನು ಎಳೆಯುತ್ತಿರಲಿಲ್ಲ. ಮಗು ತಪ್ಪು ಕಡೆ ಹೋದರೆ ಆ ಕಡೆಗೇ ಸ್ವಲ್ಪ ಹೋಗಲು ಬಿಟ್ಟು, ಅಲ್ಲಿಂದಲೇ ತಿರುಗಿಸಿ ಅಕ್ಷರದೊಳಗೆ ತರುವರು. "ಅಕ್ಷರ ಬರಬೇಕಾದ್ದು ಬೆರಳಿಗೆ. ಬಾಯಿಗೆ ಗಿಳಿಗೂ ಬರ್ತದೆ" ಎನ್ನುವರು. ಒಂದೊಂದು ಮಗುವಿಗೆ ಅರ್ಧ ಗಂಟೆ. ನವರಾತ್ರಿಗೆ ಅವರ ಕ್ಲಾಸಿನ ಮಕ್ಕಳೆಲ್ಲ ಬರೆಯುತ್ತಿದ್ದರು. ಅಂಥ ಬೇರೆ ಕ್ಲಾಸನ್ನು ನಾನು ಕಂಡಿಲ್ಲ. ನನ್ನದಂತೂ ಅಲ್ಲ.

ಆ ಕೈಯನ್ನು ಮುಟ್ಟಲು ಹೇಸದವರು ಇಡೀ ಊರಿನಲ್ಲಿ ಆ ಮಕ್ಕಳು ಮಾತ್ರ. ದಿನದಲ್ಲಿ ಅವರು ಕೊಡೆ ಕೆಳಗಿಡುತ್ತಿದ್ದುದೂ ಆ ಹೊತ್ತಿನಲ್ಲಿ ಮಾತ್ರ.

ಮೂರನೇ ವರ್ಷದ ಮಾರ್ಚಿನಲ್ಲಿ ಊರಿನ ಗುತ್ತಿನ ಮನೆಯ ಯಜಮಾನರು ಶಾಲೆಗೆ ಬಂದರು. ಮೊಮ್ಮಗಳ ಬೆರಳಿನಲ್ಲಿ ಒಂದು ನರಹುಲಿ ಎದ್ದಿತ್ತು. ಅವರು ಕೂಗಾಡಲಿಲ್ಲ. ದೊಡ್ಡವರು ಕೂಗಾಡುವುದಿಲ್ಲ. "ಮಾಸ್ಟ್ರೇ, ಹೆಣ್ಣು ಮಗು ಅಲ್ವಾ" ಎಂದು ಎದ್ದು ಹೋದರು.

ಹೆಡ್‌ಮಾಸ್ಟರು ನಮ್ಮೆಲ್ಲರ ಎದುರಿಗೇ ಹೇಳಿದರು: "ಟೀಚರೇ, ಜೂನ್‌ನಲ್ಲಿ ಶಾಲೆ ತೆರೆಯುವಾಗ ಕೈ ಸರಿಯಾಗಿದ್ದರೆ ಒಂದನೇ ಕ್ಲಾಸು ನಿಮಗೇ. ಇಲ್ಲದಿದ್ರೆ ನೀವು ಐದಕ್ಕೆ ಹೋಗಿ, ಒಂದನ್ನು ಇವರು ನೋಡಿಕೊಳ್ತಾರೆ." ಇವರು ಎಂದರೆ ನಾನು.

ನನಗೆ ಆಗ ಮನೆಯಲ್ಲಿ ಎಂಟು ತಿಂಗಳ ಕೂಸು. ಒಂದನೇ ಕ್ಲಾಸಿಗೆ ಮಧ್ಯಾಹ್ನದ ಮೇಲೆ ಪಾಠವಿಲ್ಲ, ಬೇಗ ಮನೆಗೆ ಹೋಗಬಹುದು. ಆ ಕ್ಲಾಸು ಬೇಕೆಂದು ನಾನು ಯಾರ ಹತ್ತಿರವೂ ಕೇಳಿರಲಿಲ್ಲ. ಆದರೆ ಹೆಡ್‌ಮಾಸ್ಟರು ಹೇಳಿದ ಕ್ಷಣದಿಂದ ಅದು ನನ್ನದೇ ಎಂದು ಮನಸ್ಸಿನಲ್ಲಿ ಗಟ್ಟಿಯಾಯಿತು. ನನ್ನದನ್ನು ಅವರು ಹಿಡಿದುಕೊಂಡಿದ್ದಾರೆ ಎಂದೂ ಅನಿಸತೊಡಗಿತು.

ರಜೆ ಸಿಕ್ಕಿದ ದಿನ ಅವರು ನನ್ನನ್ನು ಹುಡುಕಿಕೊಂಡು ಬಂದರು. ಬೆಳ್ತಂಗಡಿಯ ಆಚೆ ಒಂದು ಬನ ಉಂಟು. ಅಲ್ಲಿಯ ದೇವರಿಗೆ ಮಣ್ಣಿನ ಹರಕೆ. ಏನು ಬೇಕೋ ಅದನ್ನು ಮಣ್ಣಿನಲ್ಲಿ ಮಾಡಿಸಿ ಒಪ್ಪಿಸುವುದು. ಮಗು ಬೇಕಾದವರು ಮಣ್ಣಿನ ಮಗು, ಮನೆ ಬೇಕಾದವರು ಮಣ್ಣಿನ ಮನೆ, ಕಾಲು ಸರಿಯಾಗಬೇಕಾದವರು ಸರಿಯಾದ ಕಾಲು. ಅವರು ಕೈಯ ಹರಕೆ ಹೇಳಿಕೊಂಡಿದ್ದರು.

"ಪುತ್ತಿಗೆಯಲ್ಲಿ ನಿಮ್ಮ ಮನೆಯ ಹಿಂದೆಯೇ ಕುಂಬಾರ ಇದ್ದಾನಲ್ಲ ಟೀಚರೇ, ನೀವೇ ಒಂದು ಮಾತು ಹೇಳಿ ಮಾಡಿಸ್ತೀರಾ? ನಾನು ಹೋದರೆ ಅವನು ಅಳತೆಗೆ ಕೈ ತೋರಿಸಿ ಅಂತಾನೆ. ನನಗೆ ಅದಾಗುದಿಲ್ಲ" ಎಂದರು. ಮತ್ತೆ, "ಬನಕ್ಕೆ ಹೋಗುವಾಗ ನೀವೂ ಬನ್ನಿ. ಒಬ್ಬಳೇ ಹೋಗಲಿಕ್ಕೆ ಒಂಥರಾ" ಎಂದರು. ಮೂರು ವರ್ಷದಲ್ಲಿ ಅವರು ಯಾರ ಹತ್ತಿರವಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ನನ್ನನ್ನೇ ಯಾಕೆ ಕೇಳಿದರೋ. ಎಷ್ಟೆಂದರೂ ನಾವಿಬ್ಬರೇ ಹೆಂಗಸರು ಎಂದಿರಬೇಕು.

ನಾನು ಕುಂಬಾರನಲ್ಲಿಗೆ ಹೋಗಿ ಹೇಳಿದೆ: "ನಮ್ಮ ಇನ್ನೊಬ್ಬ ಟೀಚರ ಹರಕೆಗೆ ಎರಡು ಕೈ ಬೇಕು. ಬೆರಳ ಮೇಲೆಲ್ಲ ನರಹುಲಿ ಇರಬೇಕು. ಒಳ್ಳೆಮೆಣಸಿನಷ್ಟು ದೊಡ್ಡದು, ಒಂದೊಂದು ಬೆರಳಿಗೆ ನಾಲ್ಕೈದು."

ಅವನು ತಿಗರಿ ನಿಲ್ಲಿಸಿದ. "ಅದು ಹೇಗೆ ಅಕ್ಕ? ಮನೆ ಬೇಕಾದವರು ಬಿದ್ದ ಮನೆ ಮಾಡಿಸುವುದುಂಟಾ? ಬೇಡದ್ದನ್ನು ಮಾಡಿ ಕೊಟ್ಟರೆ ದೇವರು ಅದನ್ನೇ ಕೊಡ್ತಾರೆ."

"ಟೀಚರೇ ಹೇಳಿ ಕಳಿಸಿದ್ದು. ಹೇಳಿದ ಹಾಗೆ ಮಾಡು."

"ನನಗೆಂತ. ಅವರ ಹರಕೆ" ಎಂದು ಅವನು ತಿರುಗಿ ಮಣ್ಣು ಹಿಡಿದ.

ತಮಾಷೆಗೆ ಮಾಡಿದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಬನದ ದೇವರನ್ನು ನಾನು ನಂಬುತ್ತಿದ್ದೆ. ನನ್ನ ಕೂಸು ಹುಟ್ಟಿದ್ದೇ ಅಲ್ಲಿ ಮಣ್ಣಿನ ಮಗು ಒಪ್ಪಿಸಿದ ಮೇಲೆ. ನಂಬದವಳು ಮಾಡಿದ್ದರೆ ಅದು ಬರೀ ಕುಚೇಷ್ಟೆ ಆಗುತ್ತಿತ್ತು. ನಾನು ಮಾಡಿದ್ದು, ಜೂನ್ ತಿಂಗಳಲ್ಲಿ ಆ ಕೈ ಸರಿಯಾಗಬಾರದು ಎಂದು.

ಕುಂಬಾರ ಸುಟ್ಟ ಕೈಗಳನ್ನು ಬೈಹುಲ್ಲಿನಲ್ಲಿ ಸುತ್ತಿ ಬಳ್ಳಿಯಿಂದ ಕಟ್ಟಿಕೊಟ್ಟ. ನಾನು ಹಾಗೆಯೇ ತಂದು ಅವರ ಮುಂದಿಟ್ಟೆ. ಬಿಚ್ಚಿ ನೋಡಿಯಾರು ಎಂದು ಹೆದರಿಕೆಯಿತ್ತು. ಅವರು ಬಿಚ್ಚಲಿಲ್ಲ. "ಹರಕೆಯದ್ದನ್ನು ದೇವರು ನೋಡುವ ಮೊದಲು ನಾವು ನೋಡಬಾರದು ಅಂತ ಅಮ್ಮ ಹೇಳ್ತಿದ್ದರು" ಎಂದರು.

ಮೇ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ವೇಣೂರು, ಅಳದಂಗಡಿ ದಾಟಿ ಬೆಳ್ತಂಗಡಿಯವರೆಗೆ ಬಸ್ಸು, ಅಲ್ಲಿಂದ ಇನ್ನೊಂದು, ಮತ್ತೆ ನಡಿಗೆ. ಬಸ್ಸಿನಲ್ಲಿ ಅವರು ಆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅಂದು ಕೊಡೆ ತಂದಿರಲಿಲ್ಲ. ಅಳದಂಗಡಿಯಲ್ಲಿ ಬಸ್ಸು ನಿಂತಾಗ ನನಗೆ ಬಾಳೆಹಣ್ಣು ಕೊಂಡು, ಮಡಿಲಲ್ಲಿ ಇಡಲೋ ಕೈಗೆ ಕೊಡಲೋ ಎಂದು ತಿಳಿಯದೆ ಒಂದು ಕ್ಷಣ ಹಿಡಿದುಕೊಂಡೇ ಇದ್ದರು. ನಾನು ಸೀಟಿನ ಮೇಲೆ ಬೆರಳು ತೋರಿಸಿದೆ. ಅಲ್ಲಿ ಇಟ್ಟರು. "ಹೊಸ ಮಕ್ಕಳು ಈ ಸರ್ತಿ ಇಪ್ಪತ್ತಾರು ಅಂತೆ. ಹೊಯ್ಗೆ ಹೊಸತು ತರಿಸಬೇಕು" ಎಂದರು ಸ್ವಲ್ಪ ಹೊತ್ತಿನ ಮೇಲೆ. ನಾನು ಬಾಳೆಹಣ್ಣು ತಿಂದೆ.

ಬನದಲ್ಲಿ ಆ ದಿನ ಹತ್ತಿಪ್ಪತ್ತು ಜನ ಇದ್ದರು. ಮರದ ಬುಡದಲ್ಲಿ ಹಳೆಯ ಹರಕೆಗಳ ರಾಶಿ. ಅವರು ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಕೂತು, ಬಳ್ಳಿ ಬಿಚ್ಚಿ, ಹುಲ್ಲು ಸರಿಸಿದರು.

ಕುಂಬಾರ ಬಹಳ ಚೆನ್ನಾಗಿ ಮಾಡಿದ್ದ. ಅಷ್ಟು ನಾಜೂಕಿನ ಬೆರಳುಗಳು, ಉಗುರು ಕೂಡ ಇತ್ತು. ಒಂದೊಂದು ಬೆರಳಿನ ಮೇಲೂ ಕಾಳು ಕಾಳು.

ಹಿಂದೆ ನಿಂತಿದ್ದ ಒಬ್ಬಾಕೆ ಬಗ್ಗಿ ನೋಡಿದಳು. ಮಣ್ಣಿನ ಕೈ ನೋಡಿದಳು, ಅದನ್ನು ಹಿಡಿದ ಕೈ ನೋಡಿದಳು. "ಇದ್ದದ್ದು ಸಾಲದಂತೆ ಇವರಿಗೆ, ಇನ್ನೂ ಬೇಕಂತೆ" ಎಂದಳು ತುಳುವಿನಲ್ಲಿ. ಸಾಲಿಗೆ ಸಾಲೇ ನಕ್ಕಿತು. ಪೂಜೆಯವರೂ ಮುಖ ಆಚೆ ತಿರುಗಿಸಿದರು. ನಾನೂ ನಕ್ಕೆ. ತಡೆಯಲು ಆಗಲಿಲ್ಲ ಎನ್ನುವುದಿಲ್ಲ. ತಡೆಯುವ ಪ್ರಯತ್ನ ಮಾಡಲಿಲ್ಲ.

ಅವರು ಎದ್ದು ಬಂದುಬಿಡುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಪಕ್ಕಕ್ಕೆ ಸರಿದು, ಕಲ್ಲಿನ ಮೆಟ್ಟಿಲ ಮೇಲೆ ಕುಳಿತು, ಆ ಮಣ್ಣಿನ ನರಹುಲಿಗಳನ್ನು ಕಲ್ಲಿಗೆ ಉಜ್ಜಿ ತೆಗೆಯತೊಡಗಿದರು. ಸುಟ್ಟ ಮಣ್ಣು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಉಗುರಿನಿಂದ ಕೆರೆದರು, ಚೂರು ಕಲ್ಲು ಹುಡುಕಿ ಕುಟ್ಟಿದರು. ಒಂದೊಂದು ಕಾಳು ಎದ್ದುಹೋದ ಜಾಗದಲ್ಲಿ ಒಂದೊಂದು ಗುಳಿ. ಉಜ್ಜಿ ಉಜ್ಜಿ ಅವರ ಸ್ವಂತ ಬೆರಳುಗಳ ನರಹುಲಿ ಕಿತ್ತು ರಕ್ತ ಬಂದು, ಮಣ್ಣಿನ ಕೈ ಕೆಂಪಾಯಿತು. ಜನ ನಗು ನಿಲ್ಲಿಸಿ ನೋಡಿದರು, ಆಮೇಲೆ ನೋಡುವುದನ್ನೂ ನಿಲ್ಲಿಸಿದರು. ಸುಮಾರು ಒಂದು ಗಂಟೆ. ಕೊನೆಗೆ ಸಿಡುಬು ಬಂದ ಮುಖದ ಹಾಗಿದ್ದ ಆ ಎರಡು ಕೈಗಳನ್ನು ಪುನಃ ಸಾಲಿನಲ್ಲಿ ನಿಂತು ಒಪ್ಪಿಸಿ ಬಂದರು. ಅಂದು ಅವರು ಕೈ ಮುಗಿದದ್ದನ್ನು ನಾನು ಮೊದಲ ಸಲ ನೋಡಿದೆ.

ಬರುವಾಗ ಬಸ್ಸಿನಲ್ಲಿ ಕೇಳಿದರು, "ಅವನ ಹತ್ತಿರ ನೀವು ಎಂತ ಹೇಳಿದ್ದು ಟೀಚರೇ?"

"ಕೈ ಅಂತ ಹೇಳಿದ್ದು ಅಷ್ಟೆ. ಮತ್ತೆ ಅವನಿಗೆ ಯಾರು ಎಂತ ಹೇಳಿದರೋ" ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು.

ಜೂನ್‌ನಲ್ಲಿ ಅವರು ಐದಕ್ಕೆ ಹೋದರು. ಇಪ್ಪತ್ತಾರು ಮಕ್ಕಳ ಒಂದನೇ ಕ್ಲಾಸು ನನ್ನದಾಯಿತು. ಹೊಸ ಹೊಯ್ಗೆಯನ್ನು ನಾನೇ ತರಿಸಿದೆ.

ಆ ಕ್ಲಾಸಿನಲ್ಲಿ ಒಂದು ವಾರ ಕಳೆದ ಮೇಲೆ ನಾನು ಒಂದು ಸಂಗತಿ ಕಂಡೆ. ಮಕ್ಕಳ ಬೆರಳು ಹಿಡಿಯುವಾಗ ಕೈಗೆ ಒರಟಾಗಿ ಏನೋ ತಾಗುತ್ತಿತ್ತು. ತಿರುಗಿಸಿ ನೋಡಿದರೆ ನರಹುಲಿ. ಒಬ್ಬರದಲ್ಲ, ಮೂವರು ಹೊಸ ಮಕ್ಕಳ ಕೈಯಲ್ಲಿ. ಆ ಮಕ್ಕಳು ಗುಜ್ಜೆ ಟೀಚರ ಕೈಯನ್ನು ಒಮ್ಮೆಯೂ ಮುಟ್ಟಿದವರಲ್ಲ. ಅವರಿಂದ ಮಕ್ಕಳಿಗೆ ಹರಡುತ್ತದೆ ಎಂದು ಊರೆಲ್ಲ ಹೇಳಿತು. ಮಕ್ಕಳಿಂದ ಅವರಿಗೆ ಬಂದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಮಕ್ಕಳ ಬೆರಳನ್ನು ಅಷ್ಟು ಹೊತ್ತು ಹಿಡಿದವರು ಅವರಲ್ಲದೆ ಬೇರೆ ಯಾರೂ ಇರಲಿಲ್ಲ. ನಾನು ಇದನ್ನು ಹೆಡ್‌ಮಾಸ್ಟರಿಗೆ ಹೇಳಬಹುದಿತ್ತು. ಮಧ್ಯಾಹ್ನ ಒಂದು ಗಂಟೆಗೆ ಮನೆ ಸೇರುವ ಸುಖ ಆಗಲೇ ಅಭ್ಯಾಸವಾಗಿತ್ತು.

ದೀಪಾವಳಿಯ ಹೊತ್ತಿಗೆ ಅವರ ನರಹುಲಿಗಳು ಹೋದವು. ಮದ್ದಿಲ್ಲ, ಎಣ್ಣೆಯಿಲ್ಲ, ತಾವಾಗಿಯೇ ಒಣಗಿ ಉದುರಿದವು. ಒಂದು ಕಲೆಯೂ ಉಳಿಯಲಿಲ್ಲ. ದೇವರು ಹರಕೆ ತೆಗೆದುಕೊಂಡಿದ್ದ, ಆದರೆ ದೇವರಿಗೆ ಶಾಲೆ ತೆರೆಯುವ ತಾರೀಕು ಗೊತ್ತಿರಲಿಲ್ಲ. ಅವರು ಹೆಡ್‌ಮಾಸ್ಟರ ಎದುರು ಕೊಡೆಯಿಲ್ಲದೆ ಹೋಗಿ ನಿಂತು, ಎರಡೂ ಕೈ ಚಾಚಿ ತೋರಿಸಿದರು. ಮೊದಲು ಅಂಗೈ, ಮತ್ತೆ ತಿರುಗಿಸಿ ಹಿಂಗೈ.

ಹೆಡ್‌ಮಾಸ್ಟರು ಕನ್ನಡಕ ಏರಿಸಿ ನೋಡಿದರು. "ಸಂತೋಷ ಟೀಚರೇ. ಆದರೆ ಪುನಃ ಬರುವುದಿಲ್ಲ ಅಂತ ಎಂತ ಗ್ಯಾರಂಟಿ? ಜನ ಒಪ್ಪಬೇಕಲ್ಲ. ಈಗ ಎಲ್ಲ ಸರಿ ನಡೀತಾ ಉಂಟು."

ಸರಿ ನಡೆಯುತ್ತಿರಲಿಲ್ಲ. ನವರಾತ್ರಿ ಕಳೆದರೂ ನನ್ನ ಇಪ್ಪತ್ತಾರರಲ್ಲಿ ಒಂಬತ್ತು ಮಕ್ಕಳಿಗೆ 'ಅ' ಬರೆಯಲು ಬರುತ್ತಿರಲಿಲ್ಲ. ಅವರು ಅಲ್ಲಿಂದ ಹೊರಗೆ ಬರುವಾಗ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು ಹೊಯ್ಗೆಯ ಕಡೆ ನೋಡಿದರು. ಒಂದು ಕುಟುಕು ಮಾತಿಗಾಗಿ ನಾನು ಕಾದೆ. ಅವರು ಐದನೇ ಕ್ಲಾಸಿಗೆ ಹೋದರು. ಮರುದಿನ ಪುನಃ ಕೊಡೆ ಹಿಡಿದುಕೊಂಡು ಬಂದರು.

ಆಮೇಲೆ ಒಂಬತ್ತು ವರ್ಷ ಅವರು ಐದನೇ ಕ್ಲಾಸಿಗೆ ಭಾಗಾಕಾರ ಕಲಿಸಿದರು. ಕೈ ನನ್ನ ಕೈಗಿಂತ ನುಣುಪಾಗಿತ್ತು. ಆದರೆ ಚಾಕನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಸರಿಯುವುದು ಹೋಗಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಉಣ್ಣುವುದು ಹೋಗಲಿಲ್ಲ. ಲೋಟ ಕಿಟಕಿಯ ಕಂಬಿಯಿಂದ ಒಳಗೆ ಬರಲಿಲ್ಲ. ಅವರ ಕೈ ಹೇಗಿತ್ತೆಂದು ಕಾಣದ ಮಕ್ಕಳು ಕೂಡ ಗುಜ್ಜೆ ಟೀಚರ್ ಎಂದೇ ಕರೆದರು. ಯಾಕೆಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ನಡುವೆ ಒಂದು ವರ್ಷ ನನ್ನ ನಡುಬೆರಳಿನಲ್ಲಿ ಒಂದು ನರಹುಲಿ ಎದ್ದಿತು. ಬಟ್ಟೆ ಸುತ್ತಿ, ಕತ್ತಿ ತಾಗಿದ್ದು ಎಂದೆ. ಬೆಳಗಿನ ಚಾ ಹೊತ್ತಿಗೆ ಬಟ್ಟೆ ಜಾರಿತು. ಎಲ್ಲರೂ ನೋಡಿದರು. ಅವರೂ ನೋಡಿದರು. ಎದ್ದು ಹೋಗಿ, ಕಂಬಿಯಿಂದ ತಮ್ಮ ಲೋಟ ಬಿಚ್ಚಿ, ತೊಳೆದು, ಚಾ ಹೊಯ್ದು, ನನ್ನ ಮುಂದೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಹೆಡ್‌ಮಾಸ್ಟರು ಗಡಿಬಿಡಿಯಿಂದ, "ಏ, ಇವರದ್ದು ಒಂದೇ ಅಲ್ವಾ, ಸಾರ ಇಲ್ಲ" ಎಂದು ಕಪಾಟಿನಿಂದ ನನ್ನ ಲೋಟ ತೆಗೆದು ಕೊಟ್ಟರು. ಗೀರಿನ ಲೋಟದ ಚಾವನ್ನು ಡ್ರಿಲ್ ಮಾಸ್ಟರು ಹೊರಗೆ ಚೆಲ್ಲಿದರು. ನನ್ನ ಮಾವ ಊರಿನ ಶಾನುಭಾಗರು. ಒಂದನೇ ಕ್ಲಾಸು ನನ್ನ ಹತ್ತಿರವೇ ಉಳಿಯಿತು. ಗೇರೆಣ್ಣೆಯಲ್ಲಿ ಸುಟ್ಟುಕೊಂಡ ಆ ನರಹುಲಿಯ ಕಲೆ ಈಗಲೂ ಉಂಟು.

ಅವರು ನಿವೃತ್ತರಾದ ದಿನ ಶಾಲೆಯವರು ಶಾಲು ಹೊದಿಸಿದರು, ನನ್ನಿಂದ ನಾಲ್ಕು ಒಳ್ಳೆಯ ಮಾತು ಆಡಿಸಿದರು. ಶಿಸ್ತು, ಸೇವೆ ಎಂದೆಲ್ಲ ಹೇಳಿದೆ. ಕೊನೆಗೆ ಹೆಡ್‌ಮಾಸ್ಟರು, "ನಿಮಗೆ ಶಾಲೆಯ ನೆನಪಿಗೆ ಏನಾದರೂ ಬೇಕಾ ಟೀಚರೇ?" ಎಂದಾಗ, "ಆ ಲೋಟ ತಕೊಂಡು ಹೋಗ್ತೇನೆ" ಎಂದರು. ಡ್ರಿಲ್ ಮಾಸ್ಟರು ನಕ್ಕರು. ಬೇರೆ ಯಾರೂ ನಗಲಿಲ್ಲ.

ಅವರ ಬೊಜ್ಜದ ಸೋಮವಾರಕ್ಕೆ ಈಗ ನಾಲ್ಕು ದಿನ ಉಂಟು. ಒಂದು ವರ್ಷದ ಹಿಂದೆ ನಾನು ಮಾಣಿಗೆ ಹೋಗಿದ್ದೆ. ಯಾಕೆ ಹೋದೆ ಎಂದರೆ, ನನ್ನ ಆ ಕೂಸು, ಈಗ ಹನ್ನೊಂದು ದಾಟಿದವಳು, ಎರಡೂ ಕೈಯ ತುಂಬ ನರಹುಲಿ ಮಾಡಿಕೊಂಡು, ಶಾಲೆಗೆ ಹೋಗುವುದಿಲ್ಲ ಎಂದು ಬಾಗಿಲ ಹಿಂದೆ ಕೂರಲು ಶುರುಮಾಡಿದ್ದಳು. ಅವಳ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅವಳಿಗೆ ಇಟ್ಟ ಅಡ್ಡಹೆಸರು ಏನೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ. ಹರಕೆ ಹೇಳಿಕೊಳ್ಳಲು ಬಾಯಿ ತೆರೆದರೆ ಬನದ ಮೆಟ್ಟಿಲು ಕಣ್ಣಿಗೆ ಬರುತ್ತಿತ್ತು. ಮೊದಲು ಅವರ ಹತ್ತಿರ ಒಪ್ಪಿಕೊಂಡು ಬಂದರೆ ದೇವರ ಎದುರು ನಿಲ್ಲಬಹುದು ಎಂದುಕೊಂಡೆ. ಅಂದರೆ ಅಲ್ಲಿಯೂ ನನ್ನ ಕೆಲಸಕ್ಕೇ ಹೋದದ್ದು.

ಅವರು ಜಗಲಿಯಲ್ಲಿ ಒರಗುಕುರ್ಚಿಯಲ್ಲಿದ್ದರು. ಬಹಳ ಇಳಿದಿದ್ದರು. ಕೈಗಳು ಸೆರಗಿನೊಳಗೆ. ನಾನು ಕುಂಬಾರನ ಹೆಸರು ಎತ್ತಿದ ಕೂಡಲೇ, "ಗೊತ್ತುಂಟು" ಎಂದರು.

"ಯಾವಾಗ ಗೊತ್ತಾದದ್ದು?"

"ಬಸ್ಸಿನಲ್ಲೇ ಅಂದಾಜಾಗಿತ್ತು. ಮರುದಿನ ಅವನಲ್ಲಿಗೆ ಹೋಗಿ ಕೇಳಿದೆ. ಪಾಪ, ಅತ್ತ ಅವನು."

"ಮತ್ತೆ ಒಂದು ದಿನವೂ ನೀವು ನನ್ನ ಹತ್ತಿರ ಕೇಳಲಿಲ್ಲ?"

"ಕೇಳಿದ್ದರೆ ನೀವು ತಪ್ಪಾಯ್ತು ಅಂತ ಹೇಳ್ತಿದ್ರಿ. ನಾನು ಆಗಲಿ ಅನ್ನಬೇಕಿತ್ತು. ಮತ್ತೆ ನೀವು ಹಗುರ ಆಗಿ ಮನೆಗೆ ಹೋಗ್ತಿದ್ರಿ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಈಗಲೂ ಹೇಳಬೇಡಿ. ನನಗೆ ಅದನ್ನು ಕೇಳುವುದು ಬೇಡ."

ಬಾಯಿಯವರೆಗೆ ಬಂದದ್ದನ್ನು ನಾನು ನುಂಗಿದೆ. ಮಗಳ ಕೈಯ ವಿಷಯ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಎಷ್ಟು ಉಂಟು, ಯಾವ ಬೆರಳಲ್ಲಿ, ಬರೆಯುವಾಗ ನೋಯುತ್ತದಾ ಎಂದು ವಿಚಾರಿಸಿದರು. "ಸುಡಬೇಡಿ. ತಾನಾಗಿ ಹೋಗ್ತದೆ. ಹೋಗುವವರೆಗೆ ದಿನಕ್ಕೆ ಒಂದು ಸಲ ಆದರೂ ಅವಳ ಕೈ ಹಿಡಿದುಕೊಳ್ಳಿ. ಎಲ್ಲರ ಎದುರಿಗೆ" ಎಂದರು.

ಒಳಗಿನಿಂದ ತಮ್ಮನ ಸೊಸೆ ಚಾ ತಂದಳು. ಅವರಿಗೆ ಒಂದು ಸ್ಟೀಲಿನ ಲೋಟ, ನನಗೆ ಇನ್ನೊಂದು. ಅವರು ಅವಳನ್ನು ತಡೆದರು. "ಇವರಿಗೆ ಅದರಲ್ಲಿ ಬೇಡ. ಗೂಡಿನಲ್ಲಿ ಅಲ್ಯುಮಿನಿಯಂ ಲೋಟ ಒಂದುಂಟು, ಅದಕ್ಕೆ ಹೊಯ್ದು ತಾ."

ಅವಳು ತಂದಳು. ಉಜ್ಜಿ ಉಜ್ಜಿ ತೆಳುವಾಗಿದ್ದರೂ ಅಂಚಿನಲ್ಲಿ ಗೀರು ಹಾಗೆಯೇ ಇತ್ತು. ಅವರು ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದರು. ಮೇಜಿನ ಮೇಲೆ ಇಡಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ, ಕೈಯಿಂದ ನನ್ನ ಕೈಗೆ ಕೊಟ್ಟರು. ಮಗುವಿನ ಕೈಯಷ್ಟು ಮೆತ್ತಗಿದ್ದ ಬೆರಳುಗಳು.

"ಕುಡಿಯಿರಿ ಟೀಚರೇ, ತಣಿಯುತ್ತದೆ" ಎಂದರು.

ತಿರುಗಿಸಿ ಕುಡಿಯಬೇಕು ಎಂದು ನನಗೆ ಹೊಳೆಯಲಿಲ್ಲ. ಗೀರು ಇದ್ದ ಕಡೆಯೇ ತುಟಿಗೆ ಬಂತು, ಚುರ್ ಎಂದಿತು. ಅವರು ನೋಡುತ್ತಲೇ ಇದ್ದರು. ನಾನು ಕೊನೆಯ ಗುಟುಕಿನವರೆಗೆ ಕುಡಿದು ಮುಗಿಸಿದೆ.